ಕಿಟಕಿ ಎಲ್ಲಿಡಬೇಕು ಅಂತ ಹೇಳೋಕೆ ನಾವ್ಯಾರು?

ಎರಡು ವಾರದಿಂದ ಈ ಕಡೆ ತಲೆ ಹಾಕಿರಲಿಲ್ಲ. ಕಾರಣ ಆಫೀಸು. ಬರೆಯೋಣ ಅಂತ ಕೂತರೆ ತಲೆಯಲ್ಲಿರೋದೂ ಆಫೀಸೇ! ಕೋಡ್ ಬರೆಯದವರು ಬೇಸರ ಮಾಡ್ಕೋಬೇಡಿ, ಇದರಲ್ಲಿ ಒದ್ದಾಡಿದವರು ನಿಮ್ಮಂಥವರೇ.

ನಾವು ಮಾಡಿಕೊಟ್ಟ ಜಾವಾ ಸ್ವಿಂಗ್ ತಂತ್ರಾಂಶ ಒಂದಿದೆ. ಮೂರು ಕಿಟಕಿ: ಪಟ್ಟಿ, ವಿವರ, ಬಿಲ್ಲು. ಅದನ್ನು ಬಳಸುವ ಒಬ್ಬರು ಫೋನ್ ಮಾಡಿ "ಸರ್, ಬಿಲ್ಲಿನ ಕಿಟಕಿ ಕಾಣಿಸ್ತಾನೇ ಇಲ್ಲ" ಅಂದರು. ನಮ್ಮವರ ಉತ್ತರ: "ನೀವೇ ಏನೋ ಮಾಡಿರ್ತೀರ". ಪಾಪ, ಮೂರು ದಿನ ಬಿಲ್ಲನ್ನು ಕೈಯಲ್ಲಿ ಬರೆದರಂತೆ. ಆಕೆ ಮಾಡಿದ್ದು ಇಷ್ಟೇ, ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಎರಡನೇ ಮಾನಿಟರ್ ಕಳಚಿಟ್ಟಿದ್ದು. ನಮ್ಮ ಪ್ರೋಗ್ರಾಮು ಹಳೇ ಜಾಗ ನೆನಪಿಟ್ಟುಕೊಂಡು, ಇಲ್ಲದ ಪರದೆಯ ಮೇಲೆ ನಿಷ್ಠೆಯಿಂದ ಕಿಟಕಿ ತೆರೀತಿತ್ತು. ಆ ಕೋಡ್ ಬರೆದ ಮಹಾನುಭಾವ ನಾನೇ :(

ಆಲ್ಟ್-ಸ್ಪೇಸ್ ಒತ್ತಿ, ಎಂ ಒತ್ತಿ, ಬಾಣದ ಕೀಲಿ ಒತ್ತುತ್ತಾ ಇರಿ ಅಂತ ಹೇಳಿಕೊಟ್ಟೆ. ಕಿಟಕಿ ಬಂತು. "ಇದನ್ನ ದಿನಾ ಮಾಡಬೇಕಾ ಸರ್?" ಅಂದರು. ಏನು ಹೇಳಲಿ?

ನನ್ನ ಸಿಟ್ಟು ಈ ಒಂದು ಬಗ್ ಮೇಲಲ್ಲ. ಸೆಟ್‌ಲೊಕೇಶನ್ ಅಂತ ಬರೆದು ಒಳಗೆ ೮೦೦, ೧೦೦ ಅಂತ ಅಂಕಿ ತುರುಕುವ ನಮ್ಮ ಧಿಮಾಕಿನ ಮೇಲೆ. ನನ್ನ ಮೇಜಿನ ಮೇಲಿರೋ ಪರದೆಯೇ ಪ್ರಪಂಚ! ಇನ್ನು ಕೆಲವರು ಎಲ್ಲ ಕಿಟಕಿಯನ್ನೂ ನಟ್ಟನಡುವೆ ತೆರೀತಾರೆ, ದೋಸೆ ಮೇಲೆ ದೋಸೆ ಹಾಕಿದ ಹಾಗೆ. ಸೆಟ್‌ಲೊಕೇಶನ್‌ಬೈಪ್ಲಾಟ್‌ಫಾರ್ಮ್ ಅನ್ನೋದು ಜಾವಾ ೫ರಲ್ಲೇ, ಅಂದರೆ ೨೦೦೪ರಲ್ಲೇ ಬಂದಿದೆ. ಕಿಟಕಿ ತೋರಿಸುವ ಮುಂಚೆ ಒಂದು ಸಾಲು ಬರೆದರೆ ಸಾಕು, ಆಪರೇಟಿಂಗ್ ಸಿಸ್ಟಮ್ಮೇ ಜಾಗ ಹುಡುಕುತ್ತೆ. ಬರೆಯೋರು ಎಷ್ಟು ಜನ?

ಹಳೇ ಜಾಗ ನೆನಪಿಟ್ಟುಕೊಳ್ಳಲೇಬೇಕಾ? ಇಟ್ಕೊಳ್ಳಿ, ಒಳ್ಳೇದೇ. ಆದರೆ ತೆರೆಯುವ ಮುಂಚೆ ಗ್ರಾಫಿಕ್ಸ್‌ಎನ್ವಿರಾನ್‌ಮೆಂಟನ್ನು ಕೇಳಿ, ಈಗ ಯಾವ ಯಾವ ಪರದೆ ಇವೆ, ಅವುಗಳ ಅಂಚು ಎಲ್ಲಿ ಅಂತ. ಕಿಟಕಿಯ ತಲೆಪಟ್ಟಿ ಯಾವ ಪರದೆಯೊಳಗೂ ಬೀಳದಿದ್ದರೆ ನೆನಪನ್ನು ಕಸಕ್ಕೆ ಹಾಕಿ. ಟೂಲ್‌ಕಿಟ್‌ನ ಗೆಟ್‌ಸ್ಕ್ರೀನ್‌ಸೈಜ್ ನಂಬಬೇಡಿ, ಅದು ಹೇಳೋದು ಮುಖ್ಯ ಪರದೆಯ ಅಳತೆ ಮಾತ್ರ. "ಎಕ್ಸ್ ಸೊನ್ನೆಗಿಂತ ಕಮ್ಮಿ ಇದ್ರೆ ತಪ್ಪು" ಅನ್ನೋ ಜಾಣರೂ ಇದ್ದಾರೆ. ಸ್ವಾಮೀ, ಎರಡನೇ ಮಾನಿಟರ್ ಎಡಗಡೆ ಇದ್ದರೆ ಎಕ್ಸ್ ಋಣ ಸಂಖ್ಯೆಯೇ ಆಗೋದು!

ನಮ್ಮ ಟೀಮಿನ ಹಿರಿಯರೊಬ್ಬರ ಪರಿಹಾರ: ಮೂರನ್ನೂ ಜೆಇಂಟರ್ನಲ್‌ಫ್ರೇಮ್ ಮಾಡಿ ಒಂದೇ ದೊಡ್ಡ ಕಿಟಕಿಯೊಳಗೆ ಕೂಡಿಹಾಕು. ಅಂದರೆ ಎರಡನೇ ಮಾನಿಟರಿಗೆ ದುಡ್ಡು ಕೊಟ್ಟವರು ಬಿಲ್ಲನ್ನು ಆ ಕಡೆಗೆ ಎಳೆದಿಟ್ಟುಕೊಳ್ಳೋ ಹಾಗೂ ಇಲ್ಲ. ಮಗು ತಪ್ಪಿಸಿಕೊಳ್ಳುತ್ತೆ ಅಂತ ಮನೆಗೆ ಬೀಗ ಹಾಕಿದ ಹಾಗೆ.

(ಲಿನಕ್ಸಿನ ವೇಲ್ಯಾಂಡ್‌ನಲ್ಲಂತೂ ಮುಖ್ಯ ಕಿಟಕಿಗಳು ಇಂಥಲ್ಲೇ ಕೂರ್ತೀನಿ ಅಂತ ಹಟ ಹಿಡಿಯೋ ಹಾಗೇ ಇಲ್ಲ. ನನಗಂತೂ ಖುಷಿಯಾಯ್ತು.)

ಹನ್ನೆರಡು ಸಾಲಿನ ತಿದ್ದುಪಡಿ ಮಾಡಿ ಕಳಿಸಿದೆ. "ರಿಕ್ವೈರ್‌ಮೆಂಟಿನಲ್ಲಿ ಇಲ್ಲ, ಮುಂದಿನ ರಿಲೀಸಿಗೆ ನೋಡೋಣ" ಅಂತ ವಾಪಸ್ ಬಂತು. ನಾಳೆ ಮತ್ತೆ ಕಳಿಸ್ತೀನಿ. ಅಷ್ಟರಲ್ಲಿ ಜಾವಾ ಬರೆಯೋ ಗೆಳೆಯರು ನಿಮ್ಮ ಕೋಡಿನಲ್ಲೂ ಸೆಟ್‌ಲೊಕೇಶನ್ ಹುಡುಕಿ ನೋಡಿ, ಎಷ್ಟು ಸಿಕ್ಕವು ಅಂತ ನಾಚಿಕೆ ಬಿಟ್ಟು ಹೇಳಿ. ನನ್ನದು ಹದಿನೇಳು.