ಫಲಕಕ್ಕೆ ಪರಿಶೀಲನೆ, ಚಿಕಿತ್ಸೆಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಖಾಸಗಿ ಕ್ಲಿನಿಕ್‌ಗಳ ಮೇಲೆ ನಿಗಾ ಇಡಬೇಕಾದ ಪ್ರಾಧಿಕಾರ ಇರುವುದು ಘಟ್ಟದ ಕೆಳಗಿನ ಕಾರವಾರದಲ್ಲಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಗೆ ವೈದ್ಯರ ಮುಷ್ಕರದ ಬಿಸಿಯ ನಡುವೆ 2017ರಲ್ಲಿ ತಿದ್ದುಪಡಿಯಾಯಿತು. ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರಕ್ಕೆ ನೋಂದಣಿಯ ಜತೆಗೆ ರೋಗಿಗಳ ದೂರು ಆಲಿಸುವ ಹೊಣೆಯೂ ಬಂತು.

ನೋಂದಣಿ ಪತ್ರ, ದರಪಟ್ಟಿ ಗೋಡೆಯ ಮೇಲಿವೆಯೇ ಎಂಬುದನ್ನು ಐದು ನಿಮಿಷದಲ್ಲಿ ನೋಡಬಹುದು. ಜ್ವರವೆಂದು ಬಂದ ಕೂಲಿಕಾರನಿಗೆ ಚುಚ್ಚುಮದ್ದು ಕೊಟ್ಟು ಕಳುಹಿಸಿದರೇ, ಇಲ್ಲವೇ ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತೇ ಎಂದು ವಿಚಾರಿಸಿದರೇ ಎಂಬುದು ಗೋಡೆಯ ಮೇಲೆ ಕಾಣದು. ಮಂಗನ ಕಾಯಿಲೆಯಿಂದ 2024ರಲ್ಲಿ ಸಾವು ಕಂಡ ಸಿದ್ದಾಪುರದಲ್ಲಿ ಆ ಪ್ರಶ್ನೆ ಕ್ಷುಲ್ಲಕವಲ್ಲ.

ಸರ್ಕಾರಿ ಆಸ್ಪತ್ರೆಗಳು ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ. ಅವುಗಳಿಗೆ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳಿದ್ದು, ಮೌಲ್ಯಮಾಪಕರು ದಾಖಲೆ ತೆರೆದು ಅಂಕ ನೀಡುತ್ತಾರೆ. ಖಾಸಗಿ ಕ್ಲಿನಿಕ್‌ಗೆ ಭೇಟಿ ನೀಡುವ ಅಧಿಕಾರಿಯೂ ಹಿಂದಿನ ವಾರದ ಹತ್ತು ಜ್ವರದ ಚೀಟಿಗಳನ್ನು ಓದಿದರೆ, ದರಪಟ್ಟಿ ಹೇಳುವುದಕ್ಕಿಂತ ಹೆಚ್ಚು ತಿಳಿದೀತು.