ಹೊಗೆಸೊಪ್ಪು ಹಡಗು ಹತ್ತುತ್ತೆ, ಹಾಡು ಯಾಕೆ ಹತ್ತಲ್ಲ?

ನಮ್ಮ ಕಡೆ ರಸಮಂಜರಿ ಕಾರ್ಯಕ್ರಮಕ್ಕೆ ಬರುವ ಮುಖ್ಯ ಅತಿಥಿಗಳು ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. "ಈ ಹುಡುಗರು ದೇಶ ವಿದೇಶಗಳಲ್ಲಿ ಹಾಡಿ ನಮ್ಮ ತಾಲ್ಲೂಕಿಗೆ ಕೀರ್ತಿ ತರಲಿ." ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಕೆ.ಆರ್.ನಗರವಾಗಲಿ, ಕೋಟೆಯಾಗಲಿ, ಮಾತು ಇದೇ. ಹಾರ ಹಾಕಿಸಿಕೊಂಡು, ಎರಡು ಹಾಡು ಕೇಳಿ, ಕಾರು ಹತ್ತಿ ಹೋಗುತ್ತಾರೆ. ಪ್ಯಾಡ್ ಬಾರಿಸುವ ಹುಡುಗ ಮಾತ್ರ ಅದನ್ನ ನಿಜ ಅಂತ ತಿಳ್ಕೊಂಡು ಮನೆಗೆ ಹೋಗುತ್ತಾನೆ. ಐದು ವರ್ಷ ಆದಮೇಲೂ ಮಾನಂದವಾಡಿ ದಾಟಿರೋದಿಲ್ಲ. ಆಗ ಅವನಿಗೆ ತಾನೇನೋ ಸೋತೆ ಅನ್ನೋ ಭಾವನೆ. ಈ ಸೋಲು ಅವನದ್ದೇನಾ ಅನ್ನೋದು ನನ್ನ ಪ್ರಶ್ನೆ.

ನಮ್ಮ ಸೀಮೆಯಿಂದ ಹೊರದೇಶಕ್ಕೆ ಸಲೀಸಾಗಿ ಹೋಗುವ ವಸ್ತು ಒಂದಿದೆ, ಹೊಗೆಸೊಪ್ಪು. ಬ್ಯಾರನ್ನಿನಲ್ಲಿ ಬೆಂದು, ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ಗ್ರೇಡ್ ಹಾಕಿಸಿಕೊಂಡು, ಬೇಲಾಗಿ ಹಡಗು ಹತ್ತುತ್ತೆ. ಕೊಳ್ಳುವವನಿಗೆ ಕಟ್ಟೆಮಳಲವಾಡಿ ಎಲ್ಲಿದೆ ಅಂತ ಗೊತ್ತಿರಬೇಕಾಗಿಲ್ಲ, ಬೆಳೆದ ರೈತನ ಮಗಳ ಮದುವೆ ನಿಂತಿದ್ದು ಗೊತ್ತಿರಬೇಕಾಗಿಲ್ಲ. ಸೊಪ್ಪಿನ ಬಣ್ಣ, ವಾಸನೆ ನೋಡಿದರೆ ಸಾಕು. ಹಾಡು ಹಾಗಲ್ಲವಲ್ಲ. ಅದರ ಅರ್ಧ ಬೆಲೆ ಕೇಳುವವನ ಹತ್ತಿರವೇ ಇರುತ್ತೆ.

ಪುನೀತ್ ಅವರ 'ರಾಜಕುಮಾರ' (2017) ಚಿತ್ರದ ಬೊಂಬೆ ಹಾಡನ್ನೇ ತಗೊಳ್ಳಿ. ಬಂದಾಗಲೂ ಒಳ್ಳೆ ಹಾಡೇ. ಆದರೆ 2021ರ ಅಕ್ಟೋಬರ್ 29ರ ನಂತರ ಅದು ಬೇರೆ ಹಾಡಾಗಿಬಿಟ್ಟಿತು. ಆರ್ಕೆಸ್ಟ್ರಾದವರು ಕೀಬೋರ್ಡಿನಲ್ಲಿ ಮೊದಲ ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಪೆಂಡಾಲಿನ ತುಂಬಾ ಮೊಬೈಲ್ ಟಾರ್ಚ್ ಹತ್ತಿಕೊಳ್ಳುತ್ತೆ. ಹಾಡುವವನ ಶ್ರುತಿ ಸ್ವಲ್ಪ ಆಚೀಚೆ ಹೋದರೂ ಯಾರಿಗೂ ಬೇಕಾಗಿಲ್ಲ, ಜನರೇ ಹಾಡಿ ಮುಗಿಸುತ್ತಾರೆ. ಅದೇ ಹುಡುಗನನ್ನ ಕರ್ಕೊಂಡು ಹೋಗಿ ಲಂಡನ್ನಿನ ವೇದಿಕೆ ಮೇಲೆ ನಿಲ್ಲಿಸಿ. ಅಲ್ಲಿ ಕೂತವರಿಗೆ ಕೇಳಿಸೋದು ಸ್ವರ ಮಾತ್ರ. ಆ ಸಾವು, ಆ ಅಪ್ಪ-ಮಗ, ಆ ಮನೆತನದ ಮೇಲೆ ನಮಗಿರುವ ಐವತ್ತು ಅರವತ್ತು ವರ್ಷದ ಋಣ, ಇದ್ಯಾವುದೂ ಲಗೇಜಿನಲ್ಲಿ ಹಿಡಿಯೋದಿಲ್ಲ.

ಇದು ನಮ್ಮ ಹಣೆಬರಹ ಮಾತ್ರ ಅಂದ್ಕೋಬೇಡಿ. ಕೆನಡಾದಲ್ಲಿ 'ಟ್ರ್ಯಾಜಿಕಲಿ ಹಿಪ್' ಅಂತ ಒಂದು ರಾಕ್ ತಂಡ ಇತ್ತು. ಅದರ ಹಾಡುಗಾರ ಗಾರ್ಡ್ ಡೌನಿಗೆ ಮೆದುಳಿನ ಕ್ಯಾನ್ಸರ್ ಅಂತ ಗೊತ್ತಾದಮೇಲೆ, 2016ರ ಆಗಸ್ಟ್ 20ರಂದು ತಮ್ಮ ಹುಟ್ಟೂರು ಕಿಂಗ್ಸ್ಟನ್ನಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು. ಅಲ್ಲಿನ ಸರ್ಕಾರಿ ವಾಹಿನಿ ನೇರಪ್ರಸಾರ ಮಾಡಿತು. ಸುಮಾರು 1.17 ಕೋಟಿ ಜನ ನೋಡಿದರು, ಅಂದರೆ ದೇಶದ ಮೂರರಲ್ಲಿ ಒಂದು ಪಾಲು. ಪ್ರಧಾನಿಯೇ ಬಂದು ಜನರ ಮಧ್ಯೆ ನಿಂತಿದ್ದರು. ಗಡಿಯಾಚೆ ಅಮೆರಿಕದಲ್ಲಿ? ಹೆಚ್ಚಿನವರಿಗೆ ಹೆಸರೂ ಗೊತ್ತಿಲ್ಲ. ಭಾಷೆ ಒಂದೇ, ಗಿಟಾರ್ ಒಂದೇ, ಗಡಿ ದಾಟಲು ಕಾರು ಸಾಕು. ಆದರೂ ಆಗಲಿಲ್ಲ. ಯಾಕೆಂದರೆ ಅವರ ಹಾಡುಗಳಲ್ಲಿ ಇದ್ದದ್ದು ಕೆನಡಾದ ಸಣ್ಣ ಊರುಗಳು, 1951ರಲ್ಲಿ ಗೆಲುವಿನ ಗೋಲು ಹೊಡೆದು ಅದೇ ಬೇಸಿಗೆಯಲ್ಲಿ ವಿಮಾನದ ಜೊತೆ ಕಾಣೆಯಾದ ಒಬ್ಬ ಹಾಕಿ ಆಟಗಾರ. ಮನೆಯವರಿಗೆ ಕಣ್ಣೀರು ತರಿಸುವ ವಿಷಯ, ಪಕ್ಕದ ಮನೆಯವನಿಗೆ ಸುದ್ದಿಯೂ ಅಲ್ಲ. ಇಂಗ್ಲೆಂಡಿನ ಕ್ಲಿಫ್ ರಿಚರ್ಡ್ ಕಥೆಯೂ ಹೆಚ್ಚುಕಮ್ಮಿ ಇಂಥದ್ದೇ, ಮನೆಯಲ್ಲಿ ದೊರೆ, ಅಮೆರಿಕದಲ್ಲಿ ಎಣಿಸುವಷ್ಟು ಹಿಟ್ಟು.

ಹಾಗಾದರೆ ನಮ್ಮ ರಘು ದೀಕ್ಷಿತ್? ಈ ಪ್ರಶ್ನೆ ನೀವು ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು :-) ಮೈಸೂರಿನಲ್ಲಿ ಬೆಳೆದ ಹುಡುಗ, ಮೈಕ್ರೋಬಯಾಲಜಿ ಓದಿದವರು, ಭರತನಾಟ್ಯ ಕಲಿತವರು. 2008ರಲ್ಲಿ ಮೊದಲ ಆಲ್ಬಂ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಪಂಚೆ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. 2011ರಲ್ಲಿ ಗ್ಲಾಸ್ಟನ್ಬರಿ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. ಶಿಶುನಾಳ ಶರೀಫಜ್ಜನ ತತ್ವಪದಕ್ಕೆ ಬಿಳಿಯರು ಕುಣಿದರು. ಒಂದಕ್ಷರ ಅರ್ಥವಾಗದೆ ಕುಣಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದೇ ಶರೀಫಜ್ಜನನ್ನ ಅವರಿಗಿಂತ ಮುಂಚೆ ಮನೆಮನೆಗೆ ತಲುಪಿಸಿದ್ದು ಸಿ.ಅಶ್ವತ್ಥ್. 2005ರ ಏಪ್ರಿಲ್ಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ಸುಗಮ ಸಂಗೀತಕ್ಕೆ ಅದಕ್ಕೂ ಮುಂಚೆ ಸೇರಿರಲಿಲ್ಲ ಅಂತಲೇ ಹೇಳುತ್ತಾರೆ. ಅಶ್ವತ್ಥರ ಕಂಠದಲ್ಲಿ ಪದದ ಅರ್ಥ ಮೊದಲು, ರಾಗ ಆಮೇಲೆ. ಒಂದು ಶಬ್ದವನ್ನ ಹಿಂಡಿ ಹಿಂಡಿ ರಸ ತೆಗೆಯುತ್ತಿದ್ದರು. ಕನ್ನಡ ಬಲ್ಲವನಿಗೆ ಅದು ಅಮೃತ, ಬಾರದವನಿಗೆ ಬರೀ ಏರುದನಿ. ದೀಕ್ಷಿತ್ ಅದೇ ಪದವನ್ನ ಗಿಟಾರ್, ಪಿಟೀಲು, ಡ್ರಮ್ಸಿನ ಮೇಲೆ ಕೂರಿಸಿ, ಮೈ ಕುಣಿಯುವ ಹಾಗೆ ಮಾಡಿದರು. ಅಶ್ವತ್ಥರಿಗಿಂತ ದೀಕ್ಷಿತ್ ದೊಡ್ಡವರು ಅಂತ ಇದರಿಂದ ಯಾರಾದರೂ ಲೆಕ್ಕ ಹಾಕಿದರೆ ನಾನಂತೂ ಜಗಳಕ್ಕೆ ನಿಲ್ಲುತ್ತೇನೆ. ಇಬ್ಬರ ಸರಕು ಒಂದೇ, ಸಾಗಿಸುವ ಗಾಡಿ ಬೇರೆ.

ತಮಾಷೆ ನೋಡಿ, ನಮ್ಮ ಕೋಟೆ ಕಡೆಯ ಜನಕ್ಕೆ ದೀಕ್ಷಿತ್ ಗೊತ್ತಾಗಿದ್ದು ಬಿಬಿಸಿಯಿಂದಲ್ಲ. 'ಸೈಕೋ' (2008) ಸಿನಿಮಾದ ಮಹದೇಶ್ವರನ ಹಾಡಿನಿಂದ. ನೀಲಗಾರರು, ಕಂಸಾಳೆಯವರು ಓಡಾಡಿದ ನೆಲ ಇದು. ಮಾದಪ್ಪನ ಹೆಸರು ಬಂದರೆ ಕಿವಿ ತಾನಾಗಿ ನೆಟ್ಟಗಾಗುತ್ತೆ. ಅಂದರೆ ಒಬ್ಬನೇ ಹಾಡುಗಾರ ಹೊರಗೆ ಹೊಸತನದಿಂದ ಗೆದ್ದ, ಒಳಗೆ ಹಳೆಯ ನಂಟಿನಿಂದ ಗೆದ್ದ. ಎರಡೂ ಒಬ್ಬನಲ್ಲೇ ಕೂಡಿಬರೋದು ಅಪರೂಪ.

ಇದಕ್ಕೆ ಉಲ್ಟಾ ಉದಾಹರಣೆ ಹುಣಸೂರಿನಲ್ಲೇ ಇದೆ. ಗುರುಪುರದ ಟಿಬೆಟನ್ ಕ್ಯಾಂಪಿನಲ್ಲಿ ಗ್ಯುಮೆದ್ ತಾಂತ್ರಿಕ ಮಠ. ಟಿಬೆಟಿನಲ್ಲಿ 1433ರಲ್ಲಿ ಶುರುವಾದದ್ದು. ಅಲ್ಲಿನ ಭಿಕ್ಷುಗಳು ಒಬ್ಬೊಬ್ಬರೇ ಗಂಟಲಿನಾಳದಿಂದ ಏಕಕಾಲಕ್ಕೆ ಎರಡು ಮೂರು ಸ್ವರ ಹೊರಡಿಸುತ್ತಾರೆ. ಇವರು ಮತ್ತು ಇವರ ಸೋದರ ಮಠ ಗ್ಯುಟೋದವರು ಪಶ್ಚಿಮದ ದೇಶಗಳಲ್ಲಿ ಹಾಡಿಬಂದಿದ್ದಾರೆ, ಧ್ವನಿಮುದ್ರಿಕೆಗಳು ಬಂದಿವೆ. 'ಗ್ರೇಟ್‌ಫುಲ್ ಡೆಡ್' ತಂಡದ ಡ್ರಮ್ಮರ್ ಮಿಕಿ ಹಾರ್ಟ್ ಗ್ಯುಟೋದವರ ದನಿಗೆ ಮರುಳಾಗಿ ಅಮೆರಿಕಕ್ಕೆ ಕರೆಸಿಕೊಂಡಿದ್ದ. ಅವರಿಗೆ ಅದು ಪೂಜೆ, ಪಾಪ್ ಸಂಗೀತದ ಜೊತೆ ಹೋಲಿಸೋದು ಅನ್ಯಾಯವೇ. ಆದರೂ ಕೇಳ್ತೀನಿ, ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಿಂತ ಎಷ್ಟು ಜನಕ್ಕೆ ಈ ವಿಷಯ ಗೊತ್ತು? ಕ್ಯಾಂಪು ಅಂದರೆ ನಮಗೆ ಸ್ವೆಟರು, ಮೊಮೊ ಅಷ್ಟೇ. ನಮ್ಮ ಊರಿನ ಪಕ್ಕದ ದನಿ ಕ್ಯಾಲಿಫೋರ್ನಿಯಾಕ್ಕೆ ತಲುಪಿದೆ, ಕಲ್ಕುಣಿಕೆಗೆ ತಲುಪಿಲ್ಲ!

ಹೊರಗಿನವನಿಗೆ ಬೇಕಾಗಿರೋದು ಅವನು ಎಲ್ಲೂ ಕೇಳದ ದನಿ. ನಮ್ಮ ಆರ್ಕೆಸ್ಟ್ರಾ ಬದುಕಿರೋದೇ ಕೇಳಿದ ಹಾಡನ್ನ ಕೇಳಿದ ಹಾಗೇ ನುಡಿಸೋದರಿಂದ. ಪಕ್ಕಾ ಕ್ಯಾಸೆಟ್ಟಿನ ಥರಾನೇ ಇತ್ತು ಅಂದರೆ ಇಲ್ಲಿ ದೊಡ್ಡ ಮೆಚ್ಚುಗೆ, ಅಲ್ಲಿ ಅದಕ್ಕೆ ಟಿಕೆಟ್ ಯಾರು ತಗೋತಾರೆ?

ಇನ್ನು ಅಮೆರಿಕಕ್ಕೆ ಹೋಗಿಬಂದೆವು ಅನ್ನುವ ತಂಡಗಳು. 'ಅಕ್ಕ' ಸಮ್ಮೇಳನ, ಕನ್ನಡ ಕೂಟಗಳು ಕರೆಸುತ್ತವೆ, ಬಹಳ ಒಳ್ಳೇದು. ಆದರೆ ಅಲ್ಲಿ ಕೂತಿರುವವರು ನಮ್ಮ ಮಂಡ್ಯ, ಮೈಸೂರಿನವರೇ ತಾನೇ? ಹದಿನೈದು ಸಾವಿರ ಕಿಲೋಮೀಟರು ಹಾರಿ ಮತ್ತೆ ಮನೆಯಲ್ಲೇ ಹಾಡಿದ ಹಾಗಾಯ್ತು. ನಿಜವಾದ ಹೊರನಾಡು ಬೇಕಿದ್ದರೆ ಬಾವಲಿ ಚೆಕ್‌ಪೋಸ್ಟ್ ದಾಟಿ ನೋಡಿ. ಶುಂಠಿ ಹೊಲ ಮಾಡೋಕೆ ಕೋಟೆಗೆ ಬಂದ ಕೇರಳದವರ ಜೊತೆ ಮಲಯಾಳಂ ಹಾಡು ಇಲ್ಲಿಗೆ ಬಂತು, ನಮ್ಮ ಹುಡುಗರು ಗುನುಗುತ್ತಾರೆ. ನಮ್ಮ ಹಾಡು ಆ ಕಡೆ ಅಷ್ಟಾಗಿ ಹೋಗಲಿಲ್ಲ. 'ಕೆಜಿಎಫ್', 'ಕಾಂತಾರ' ಬಂದಮೇಲೆ ಸಿನಿಮಾ ದಾಟಿತು ನಿಜ, ಆದರೆ ಬಹುಪಾಲು ಹಾಡು ಆಯಾ ಭಾಷೆಯ ಮಾತು ತೊಟ್ಟುಕೊಂಡೇ ದಾಟಿದ್ದು.

ಹೊಟ್ಟೆಪಾಡಿನ ಲೆಕ್ಕವೂ ಇದೆ. ಜಪಾನಿನಲ್ಲಿ ಸಂಗೀತದ ಮಾರುಕಟ್ಟೆ ಜಗತ್ತಿನಲ್ಲೇ ಎರಡನೆಯದು, ಅಲ್ಲಿನ ತಂಡಗಳಿಗೆ ಊರು ಬಿಡುವ ದರ್ದು ಇರಲಿಲ್ಲ. ಕೊರಿಯಾದ್ದು ಸಣ್ಣ ಮಾರುಕಟ್ಟೆ, ಹೊರಗೆ ಹೋಗದೆ ಬೇರೆ ದಾರಿ ಇರಲಿಲ್ಲ, ಕಂಪನಿಗಳು ವರ್ಷಗಟ್ಟಲೆ ದುಡ್ಡು ಸುರಿದವು, 2018ರಲ್ಲಿ ಬಿಟಿಎಸ್ ಅಮೆರಿಕದ ಆಲ್ಬಂ ಪಟ್ಟಿಯ ಮೇಲೆ ಕೂತಿತು. ನಮ್ಮ ತಾಲ್ಲೂಕಿನ ತಂಡಕ್ಕೆ ಎರಡೂ ಇಲ್ಲ. ಗಣಪತಿಗೆ, ನವೆಂಬರಿನ ರಾಜ್ಯೋತ್ಸವಕ್ಕೆ, ಜನವರಿಯ ಚುಂಚನಕಟ್ಟೆ ಜಾತ್ರೆ ಹೊತ್ತಿಗೆ ಒಂದಿಷ್ಟು ಬುಕಿಂಗು. ಮಿಕ್ಕ ದಿನ ಪೇಂಟಿಂಗ್ ಕೆಲಸ, ಮೊಬೈಲ್ ಅಂಗಡಿ. ಈಗಂತೂ ಅದಕ್ಕೂ ಡಿಜೆ ಕಲ್ಲು ಹಾಕಿದೆ. ಒಂದು ಲಾರಿ, ನಾಲ್ಕು ಸ್ಪೀಕರ್ ಬಂದರೆ ಹತ್ತು ಜನ ಕಲಾವಿದರಿಗೆ ಊಟ ಹಾಕೋ ತಾಪತ್ರಯವೂ ಇಲ್ಲ.

ನನಗೆ ಗೊತ್ತಿರುವ ಒಂದು ತಂಡಕ್ಕೆ ಹೋದ ಗಣಪತಿಯಲ್ಲಿ ಒಂದೂರಿನ ಸಮಿತಿಯವರು ಅರ್ಧ ಅಡ್ವಾನ್ಸ್ ಕೊಟ್ಟು, ಬಾಕಿ ಎಂಟು ಸಾವಿರಕ್ಕೆ ದೀಪಾವಳಿವರೆಗೂ ಓಡಾಡಿಸಿದರು. ಆ ರಾತ್ರಿ ಅದೇ ವೇದಿಕೆಯಲ್ಲಿ ವಿದೇಶದ ಕೀರ್ತಿಯ ಭಾಷಣವೂ ಆಗಿತ್ತು. ಅತಿಥಿಗಳು ಮುಂದಿನ ಸಲ ಮೈಕ್ ಹಿಡಿದಾಗ ಲಂಡನ್ ಸುದ್ದಿ ಬಿಟ್ಟು, ಹುಡುಗರ ಬಾಕಿ ಚುಕ್ತಾ ಆಯ್ತಾ ಅಂತ ಸಮಿತಿಯವರನ್ನ ಎಲ್ಲರೆದುರು ಒಂದು ಮಾತು ಕೇಳಲಿ. ನಿಮ್ಮ ಕಡೆ ಹೇಗೆ, ಅವತ್ತೇ ಕೊಟ್ಟು ಕಳಿಸ್ತಾರಾ?