ಒಂದು ಪರಾತ, ಎಂಟು ಕೈ

ಪೇಟೆಯ ಹೋಟೆಲುಗಳಲ್ಲಿ ಈಚೆಗೆ ಒಂದು ತಿಂಡಿ ಬಂದಿದೆ. ದೊಡ್ಡ ಮರದ ಹಲಗೆಯ ಮೇಲೆ ಕಾಯಿಸಿದ ಬ್ರೆಡ್ಡಿನ ತುಂಡುಗಳು. ಸುತ್ತಲೂ ಸಣ್ಣ ಬಟ್ಟಲುಗಳಲ್ಲಿ ಬೆಣ್ಣೆ, ಚೀಸು, ಜಾಮು, ಹೆಚ್ಚಿದ ಹಣ್ಣು, ತರಕಾರಿ. ಬಡಿಸುವವರು ಇಲ್ಲ. ಕುಳಿತವರೇ ಒಂದೊಂದು ತುಂಡು ಎತ್ತಿಕೊಂಡು, ತಮಗೆ ಬೇಕಾದ್ದನ್ನು ಹಚ್ಚಿಕೊಂಡು ತಿನ್ನಬೇಕು. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ತಿನ್ನುವುದರಿಂದ ಇದಕ್ಕೆ ಬ್ರಂಚ್ ಎನ್ನುತ್ತಾರೆ. ವಸಂತಕಾಲದ ಬಿಸಿಲಿನಲ್ಲಿ ಮನೆಮಂದಿಯೆಲ್ಲ ಕೂಡಿ ತಿನ್ನಲು ಇದು ಬಲು ಚೆಂದ ಎಂದು ಮೊಮ್ಮಕ್ಕಳು ಹೇಳುತ್ತಾರೆ.

ಮಕ್ಕಳೇ, ನಿಮ್ಮ ಅಜ್ಜ–ಅಜ್ಜಿಯರನ್ನು ಒಮ್ಮೆ ಕೇಳಿ ನೋಡಿ. ನಮ್ಮ ದೇವರಗುಡ್ಡದ ಸುತ್ತಿನ ಹೊಲಗಳಿಗೆ ಬೆಳಗಿನ ಹತ್ತರ ಸುಮಾರಿಗೆ ಬುತ್ತಿ ಬರುತ್ತಿತ್ತು. ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದರೆ ಅದರಲ್ಲಿ ರೊಟ್ಟಿ, ಎರಡು ಮೂರು ತರಹದ ಚಟ್ನಿಪುಡಿ, ಉಳ್ಳಾಗಡ್ಡಿ, ಗಟ್ಟಿ ಮೊಸರು ಇರುತ್ತಿದ್ದವು. ಮೆಂತ್ಯಸೊಪ್ಪು, ಸವತಿಕಾಯಿ ಹೊಲದ ಬದುವಿನಲ್ಲೇ ಸಿಗುತ್ತಿದ್ದವು. ಯಾರಿಗೆ ಯಾವುದು ಬೇಕೋ ಅದನ್ನು ರೊಟ್ಟಿಯ ಮೇಲೆ ಹಾಕಿಕೊಂಡು ಉಣ್ಣುತ್ತಿದ್ದರು. ಬ್ರಂಚ್ ಎಂಬ ಹೆಸರೊಂದು ಇರಲಿಲ್ಲ, ಅಷ್ಟೇ.

ಟೋಸ್ಟ್ ಎಂದರೆ ಏನು? ಬ್ರೆಡ್ಡಿನೊಳಗಿನ ನೀರನ್ನು ಬಿಸಿಯಿಂದ ಹೊರಗೆ ಕಳಿಸಿ ಗರಿಗರಿ ಮಾಡುವುದು. ನಮ್ಮ ಖಡಕ್ ರೊಟ್ಟಿಯೂ ಅದೇ. ತೆಳ್ಳಗೆ ಬಡಿದ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಸಣ್ಣ ಉರಿಯಲ್ಲಿ ಒತ್ತಿ ಒತ್ತಿ ಒಣಗಿಸುತ್ತಾರೆ. ನೀರಿನಂಶ ಇಲ್ಲದ್ದರಿಂದ ಬೂಷ್ಟು ಹಿಡಿಯುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಬ್ರೆಡ್ಡಿಗೆ ಆ ಯೋಗ್ಯತೆ ಇಲ್ಲ.

ಇನ್ನೊಂದು ಗುಟ್ಟು ತಿಳಿದುಕೊಳ್ಳಿ. ಗೋಧಿ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಅಂಟು ಇದೆ. ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಜೋಳದ ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ. ಅದಕ್ಕೇ ಅಜ್ಜಿ ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾಳೆ. ಬಿಸಿನೀರಿಗೆ ಹಿಟ್ಟಿನ ಪಿಷ್ಟ ಸ್ವಲ್ಪ ಬೆಂದು ಅಂಟಾಗುತ್ತದೆ, ಹಿಟ್ಟು ಕೈಗೆ ಬರುತ್ತದೆ. ಶಾಲೆಯ ಪ್ರಯೋಗಶಾಲೆ ನೋಡದ ಎಷ್ಟೋ ಅಜ್ಜಿಯರು ಈ ಪ್ರಯೋಗವನ್ನು ದಿನಕ್ಕೆ ಇಪ್ಪತ್ತು ಸಲ ಮಾಡಿದ್ದಾರೆ.

ಹಂಚಿಕೊಂಡು ತಿನ್ನುವುದು ನಮ್ಮ ಕಡೆಗೆ ಹೊಸತಲ್ಲ. ಗುಡ್ಡದ ಮೇಲಿನ ಮಾಲತೇಶನ ಗುಡಿಗೆ ಬಂದವರು ಗೊರವಪ್ಪಗಳನ್ನು ನೋಡಿರುತ್ತೀರಿ. ಕರಿ ಕಂಬಳಿ, ಕೈಯಲ್ಲಿ ಡಮರು. ಮಹಾನವಮಿಗೆ ಎತ್ತರದ ಬಿಲ್ಲನ್ನೇರಿ ಒಂದೇ ಮಾತಿನ ಕಾರಣಿಕ ನುಡಿಯುವವರೂ ಗೊರವರೇ. ಅವರ ಬಳಿ ಒಂದು ಪಾತ್ರೆ ಇರುತ್ತದೆ, ಅದಕ್ಕೆ ದೋಣಿ ಎನ್ನುತ್ತಾರೆ. ಹರಕೆ ಹೊತ್ತ ಭಕ್ತರು ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣು ಹಾಕಿ ದೋಣಿ ತುಂಬಿಸುತ್ತಾರೆ. ತುಂಬಿದ ದೋಣಿಯಲ್ಲಿ ಯಾರದು ಹಾಲು, ಯಾರದು ಹಣ್ಣು ಎಂದು ಬೇರೆ ಮಾಡಲು ಬರುವುದಿಲ್ಲ.

ಪಕ್ಕದ ಗದಗ ಜಿಲ್ಲೆಯ ದಂಬಳದಲ್ಲಿ ತೋಂಟದಾರ್ಯ ಮಠದ ಜಾತ್ರೆಯ ಕಾಲಕ್ಕೆ ರೊಟ್ಟಿ ಜಾತ್ರೆಯೇ ನಡೆಯುತ್ತದೆ. ಮನೆಮನೆಗಳಿಂದ ಬಂದ ರೊಟ್ಟಿಯನ್ನು ಒಟ್ಟಿಗೆ ಸೇರಿಸಿ, ಪಲ್ಯ ಮತ್ತು ಕರಿಂಡಿಯ ಜೊತೆಗೆ ಎಲ್ಲ ಜಾತಿಯವರೂ ಒಂದೇ ಕಡೆ ಕೂತು ಉಣ್ಣುತ್ತಾರೆ. ಯಾವ ರೊಟ್ಟಿ ಯಾರ ಮನೆಯದು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗಳ ಒಳಗೇ ಒಂದು ಪಂಕ್ತಿಭೇದ ಹುಟ್ಟಿಕೊಂಡಿದೆ. ಅದು ಹಲ್ಲಿನ ಪಂಕ್ತಿಭೇದ. ವಯಸ್ಸಾದವರಿಗೆ ಮೆತ್ತಗಿನದು ಬೇಕು. ಅವರಿಗೆ ಬೇರೆ ಗಂಜಿ, ಬೇರೆ ಹೊತ್ತು, ಬೇರೆ ಮೂಲೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ. ಅನುಕೂಲಕ್ಕೆಂದು ಶುರುವಾದದ್ದು ರೂಢಿಯಾಗುತ್ತದೆ. ಆಮೇಲೆ ಹಿರಿಯರೇ ‘ನಂದು ಆಮ್ಯಾಲ ಆಗ್ತೈತಿ, ನೀವು ಉಣ್ರಿ’ ಎನ್ನಲು ಶುರು ಮಾಡುತ್ತಾರೆ.

ನಮ್ಮ ಮನೆಯಲ್ಲಿರುವ ನನ್ನ ಅಕ್ಕನಿಗೆ ಈಗ ಎಂಬತ್ತೆರಡು. ಹಲ್ಲಿನ ಸೆಟ್ ಇದೆ, ಹಾಕಿಕೊಳ್ಳುವುದಿಲ್ಲ. ಇಲ್ಲದಿದ್ದರೆ ನಾಲ್ಕು ಜನರೆದುರು ತಿನ್ನಲು ನಾಚಿಕೆ. ಎರಡು ವರ್ಷದಿಂದ ಅವಳ ಊಟ ಅಡುಗೆಮನೆಯಲ್ಲಿ, ಎಲ್ಲರದೂ ಮುಗಿದ ಮೇಲೆ. ಕಳೆದ ಯುಗಾದಿಯ ಮರುದಿನ ಮೊಮ್ಮಕ್ಕಳ ಹಟಕ್ಕೆ ಪಡಸಾಲೆಯಲ್ಲಿ ಚಾಪೆ ಹಾಸಿ, ನಡುವೆ ದೊಡ್ಡ ಪರಾತ ಇಟ್ಟು ಖಡಕ್ ರೊಟ್ಟಿಯ ತುಂಡುಗಳನ್ನು ಜೋಡಿಸಿದೆವು. ಸುತ್ತಲೂ ಬಟ್ಟಲುಗಳು. ಅಕ್ಕ ಎಂದಿನಂತೆ ಒಳಗೇ ಉಳಿದಳು.

ಕಿರಿಯ ಮೊಮ್ಮಗಳಿಗೆ ಆಗ ಏಳು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಶೇಂಗಾ ಚಟ್ನಿ ಹಾಕಿದ ರೊಟ್ಟಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಅಳುಮೋರೆ ಮಾಡಿದಳು.

‘ಅಜ್ಜಾ, ನನಗ ಕಡಿಯಾಕ ಬರವಲ್ದು.’

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ದನಿ ಬಂತು. ‘ಮೊಸರು ಹಚ್ಚಿ ಮುನ್ನೂರು ಎಣಸು. ತಾನ ಮೆತ್ತಗಾಗ್ತೈತಿ.’

ಹುಡುಗಿ ಬಟ್ಟಲು, ರೊಟ್ಟಿ ಎರಡನ್ನೂ ಹಿಡಿದು ಒಳಗೆ ಹೋದಳು. ‘ದೊಡ್ಡಾಯಿ, ನೂರರ ಮುಂದ ನನಗ ತಪ್ಪತೈತಿ. ನೀ ಹೊರಗ ಬಂದು ಎಣಸು ಬಾ’ ಎಂದು ಅಕ್ಕನ ಸೆರಗು ಹಿಡಿದು ಎಳೆದುಕೊಂಡೇ ಬಂದಳು. ಇಬ್ಬರೂ ಪರಾತದ ಒಂದು ಬದಿಗೆ ಕೂತು ಎಣಿಸಿದರು. ಮುನ್ನೂರಕ್ಕೆ ರೊಟ್ಟಿ ಬಾಗಿತು. ಮೇಲೆ ಚಟ್ನಿಪುಡಿ ಉದುರಿಸಿಕೊಂಡು ಇಬ್ಬರೂ ತಿಂದರು. ಅಕ್ಕ ರೊಟ್ಟಿ ಬಾಯಿಗಿಟ್ಟು ಎರಡು ವರ್ಷವಾಗಿತ್ತು. ಆ ದಿನ ಅವಳು ಐದು ತುಂಡು ತಿಂದಳು. ಹಲ್ಲಿಲ್ಲದ ಬಾಯಿಯನ್ನು ಯಾರೂ ನೋಡಲಿಲ್ಲ, ಎಲ್ಲರಿಗೂ ತಮ್ಮ ತಮ್ಮ ತುಂಡಿನ ಮೇಲೆ ಏನು ಹಾಕಬೇಕು ಎಂಬುದೇ ಚಿಂತೆಯಾಗಿತ್ತು.

ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ತಟ್ಟೆಯ ದೊಡ್ಡ ಲಾಭ ಇದೇ. ಮೆತ್ತಗಿನದು ಬೇಕಾದವರಿಗೆ ಬೇರೆ ಅಡುಗೆ ಬೇಡ. ಗರಿಗರಿ ಬೇಕಾದವರು ಹಚ್ಚಿದ ಕೂಡಲೇ ತಿನ್ನಬೇಕು, ಮೆತ್ತಗೆ ಬೇಕಾದವರು ಮೊಸರು ಹಚ್ಚಿ ಐದು ನಿಮಿಷ ಕಾಯಬೇಕು. ರೊಟ್ಟಿ ಒಂದೇ, ಹೊತ್ತು ಬೇರೆ.

ಈಗ ಲೆಕ್ಕಕ್ಕೆ ಬರೋಣ. ಎಂಟು ಜನರ ಪರಾತಕ್ಕೆ ನಮ್ಮ ಮನೆಯವರು ಹೇಳಿ ನಾನು ಬರೆದುಕೊಂಡ ಪಟ್ಟಿ ಇದು.

ಖಡಕ್ ಜೋಳದ ರೊಟ್ಟಿ 12. ಒಂದನ್ನು ನಾಲ್ಕು ತುಂಡು ಮಾಡಿದರೆ 48, ತಲೆಗೆ ಆರು. ಇದರಲ್ಲಿ ಮೂರು ನಾಲ್ಕು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇದ್ದರೆ ಬಣ್ಣವೂ ರುಚಿಯೂ ಬೇರೆಯಾಗುತ್ತದೆ. ರೊಟ್ಟಿ ಸಿಗದ ಊರಿನಲ್ಲಿರುವವರು ಬ್ರೆಡ್ಡನ್ನೇ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿಕೊಳ್ಳಿ.

ಮೊದಲ ಸಾಲು, ಹಚ್ಚುವಂಥವು: ಬೆಣ್ಣೆ ಒಂದು ಬಟ್ಟಲು. ಗಟ್ಟಿ ಮೊಸರು ಎರಡು ಬಟ್ಟಲು. ಹಿಂದಿನ ರಾತ್ರಿ ಒಂದು ಲೀಟರ್ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತಣ್ಣನೆಯ ಜಾಗದಲ್ಲಿ ತೂಗುಹಾಕಿದರೆ ಬೆಳಿಗ್ಗೆ ಬೆಣ್ಣೆಯಂತೆ ಹಚ್ಚಲು ಬರುತ್ತದೆ. ಅರ್ಧವನ್ನು ಹಾಗೇ ಬಿಡಿ, ಇನ್ನರ್ಧಕ್ಕೆ ಉಪ್ಪು, ಜೀರಿಗೆ ಪುಡಿ ಸೇರಿಸಿ. ಸೋರಿದ ನೀರನ್ನು ಚೆಲ್ಲಬೇಡಿ, ಮಜ್ಜಿಗೆಗೆ ಬೆರೆಸಿ.

ಎರಡನೆಯ ಸಾಲು, ಉದುರಿಸುವಂಥವು: ಶೇಂಗಾ, ಗುರೆಳ್ಳು, ಅಗಸಿ, ಪುಟಾಣಿ ಚಟ್ನಿಪುಡಿಗಳು, ಒಂದೊಂದು ಸಣ್ಣ ಬಟ್ಟಲು. ಶೇಂಗಾ ಪುಡಿಗೆ ಕಾಲು ಕಿಲೋ ಶೇಂಗಾ ಹುರಿದು ಸಿಪ್ಪೆ ತೆಗೆಯಿರಿ. ಎಂಟು ಬ್ಯಾಡಗಿ ಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಚೂರು ಬೆಲ್ಲ, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿ. ಮಿಕ್ಸರಿನಲ್ಲಾದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಗುರೆಳ್ಳು, ಅಗಸಿ ಎರಡನ್ನೂ ಸಣ್ಣ ಉರಿಯಲ್ಲಿ ಚಟಚಟ ಎನ್ನುವವರೆಗೆ ಮಾತ್ರ ಹುರಿಯಬೇಕು, ಸೀದರೆ ಕಹಿ. ಅಗಸಿ ಪುಡಿ ಬೇಗ ಮುಗ್ಗಲು ವಾಸನೆ ಹಿಡಿಯುತ್ತದೆ, ವಾರಕ್ಕೆ ಆಗುವಷ್ಟೇ ಮಾಡಿ. ಪಕ್ಕದಲ್ಲಿ ಒಂದು ಗಿಂಡಿ ಶೇಂಗಾ ಎಣ್ಣೆ ಇರಲಿ.

ಬ್ಯಾಡಗಿ ಮೆಣಸಿನಕಾಯಿಯ ವಿಷಯ ಮಕ್ಕಳಿಗೆ ಗೊತ್ತಿರಲಿ. ನಮ್ಮ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮೈಯೆಲ್ಲ ಸುಕ್ಕು, ಬಣ್ಣ ಕಡುಕೆಂಪು, ಖಾರ ಕಡಿಮೆ. ಅದರ ಬಣ್ಣವನ್ನು ತೆಗೆದು ತಿಂಡಿ ತಿನಿಸುಗಳಿಗೂ ತುಟಿಬಣ್ಣಕ್ಕೂ ಬಳಸುತ್ತಾರೆ. ಕೆಂಪು ನೋಡಿ ಹೆದರುವ ಮೊಮ್ಮಕ್ಕಳಿಗೆ ಇದನ್ನು ಹೇಳಿ ಒಂದು ಚಿಟಿಕೆ ತಿನ್ನಿಸಬಹುದು.

ಮೂರನೆಯ ಸಾಲು, ಹಸಿಯವು: ಎಳೆ ಮೆಂತ್ಯಸೊಪ್ಪು, ಸವತಿಕಾಯಿ, ಗಜ್ಜರಿ, ಮೂಲಂಗಿ, ಉಳ್ಳಾಗಡ್ಡಿ, ಟೊಮೆಟೊ. ಎಲ್ಲ ಸಣ್ಣಗೆ ಹೆಚ್ಚಿ. ಹಲ್ಲಿಲ್ಲದವರಿಗಾಗಿ ಗಜ್ಜರಿ, ಸವತಿಕಾಯಿಗಳನ್ನು ತುರಿದೂ ಇಡಿ. ಹೆಸರುಕಾಳನ್ನು ಎಂಟು ತಾಸು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ದಿನ ಇಟ್ಟರೆ ಮೊಳಕೆ ಬರುತ್ತದೆ. ಹಿರಿಯರಿಗೆ, ಚಿಕ್ಕವರಿಗೆ ಅದನ್ನು ಆವಿಯಲ್ಲಿ ಬೇಯಿಸಿ ಕೊಡುವುದು ಒಳ್ಳೆಯದು. ಚೈತ್ರಮಾಸವಾದ್ದರಿಂದ ತುರಿದ ಮಾವಿನಕಾಯಿ ಮರೆಯಬೇಡಿ. ಯುಗಾದಿಯ ಬೇವಿನ ಹೂವು ಉಳಿದಿದ್ದರೆ ತುಪ್ಪದಲ್ಲಿ ಹುರಿದು ಪುಡಿ ಬೆಲ್ಲದ ಪಕ್ಕದಲ್ಲಿಡಿ. ಬೆಣ್ಣೆ, ಬೆಲ್ಲ, ಮೇಲೆ ಎರಡು ಬೇವಿನ ಹೂವು ಹಾಕಿಕೊಂಡರೆ ಹಬ್ಬ ಇನ್ನೊಂದು ದಿನ ಮುಂದುವರಿಯುತ್ತದೆ.

ಕೊನೆಯದಾಗಿ ಒಂದು ಪಾತ್ರೆ ಬಿಸಿ ಬೇಳೆಕಟ್ಟು, ಒಂದು ಪಾತ್ರೆ ಬೆಚ್ಚಗಿನ ಹಾಲು. ಅದ್ದಿ ತಿನ್ನುವವರಿಗೆ.

ಕಟ್ಟುವ ಕ್ರಮವೂ ಇದೆ. ಮೊದಲು ಬೆಣ್ಣೆ ಅಥವಾ ಮೊಸರು, ಅದರ ಮೇಲೆ ಪುಡಿ, ಅದರ ಮೇಲೆ ತರಕಾರಿ. ಪುಡಿ ಕೆಳಗಾದರೆ ಉದುರಿ ಚಾಪೆಗೆ ಬೀಳುತ್ತದೆ. ಬೆಣ್ಣೆ ಹಚ್ಚಿದ್ದಾದರೆ ರೊಟ್ಟಿ ಬೇಗ ಮೆತ್ತಗಾಗುವುದಿಲ್ಲ, ಏಕೆಂದರೆ ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ. ಟೊಮೆಟೊ ಇಷ್ಟಪಡುವವರು ಇದನ್ನು ನೆನಪಿಡಿ.

ಮಕ್ಕಳಿಗೆ ಐದು ನಿಯಮ. ಕೈ ತೊಳೆದು ಕೂಡಬೇಕು. ಬಟ್ಟಲಿಗೊಂದು ಚಮಚ, ಎಂಜಲು ಕೈ ಬಟ್ಟಲಿಗೆ ಹಾಕಬಾರದು. ಒಂದು ತುಂಡು ಮುಗಿದ ಮೇಲೆ ಇನ್ನೊಂದು. ಮುಟ್ಟಿದ್ದನ್ನು ತಿನ್ನಬೇಕು. ಮೊದಲ ತುಂಡನ್ನು ಮನೆಯ ಹಿರಿಯರಿಗೆ, ಅವರು ಕೇಳಿದಂತೆ ಮಾಡಿ ಕೊಡಬೇಕು.

ದೊಡ್ಡವರಿಗೆ ಮೂರು ಎಚ್ಚರಿಕೆ. ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಬಂದ ಅತಿಥಿಗಳಲ್ಲಿ ಯಾರಿಗಾದರೂ ಶೇಂಗಾ, ಎಳ್ಳು ಆಗಿಬರುವುದಿಲ್ಲವೇ ಎಂದು ಮೊದಲೇ ಕೇಳಿ. ರಕ್ತದೊತ್ತಡ ಇರುವವರಿಗಾಗಿ ಒಂದು ಚಟ್ನಿಪುಡಿಗೆ ಉಪ್ಪು ಕಡಿಮೆ ಹಾಕಿ. ಸಕ್ಕರೆ ಕಾಯಿಲೆಯವರು ಬೆಲ್ಲದ ಬಟ್ಟಲನ್ನು ದೂರದಿಂದಲೇ ನೋಡಿ ಸಂತೋಷಪಡಲಿ. ನಾನೂ ಹಾಗೇ ಮಾಡುತ್ತೇನೆ.

ಈ ವಾರ ಮಕ್ಕಳಿಗೊಂದು ಕೆಲಸ. ಮನೆಯಲ್ಲಿ ಇಂಥ ಪರಾತ ಇಟ್ಟ ದಿನ ಒಂದು ಹಾಳೆಯಲ್ಲಿ ಎಲ್ಲರ ಹೆಸರು ಬರೆದು, ಯಾರು ಯಾವುದರ ಮೇಲೆ ಏನು ಹಾಕಿಕೊಂಡರು ಎಂದು ಎದುರಿಗೆ ಬರೆಯಿರಿ. ನಿಮ್ಮ ವಯಸ್ಸಿನಲ್ಲಿ ಅವರು ರೊಟ್ಟಿಗೆ ಏನು ಹಚ್ಚಿಕೊಳ್ಳುತ್ತಿದ್ದರು ಎಂದೂ ಕೇಳಿ ಬರೆಯಿರಿ. ನಮ್ಮ ಮನೆಯ ಹಾಳೆಯಲ್ಲಿ ಅಕ್ಕನ ಹೆಸರಿನ ಎದುರು ‘ಎಣ್ಣಿ, ಖಾರಪುಡಿ, ಮತ್ತೇನೂ ಇರಲಿಲ್ಲ’ ಎಂದಿದೆ. ಅದನ್ನು ಬರೆದ ಹುಡುಗಿ ಅದರ ಕೆಳಗೆ ತಾನಾಗಿ ಒಂದು ಗೆರೆ ಎಳೆದಿದ್ದಾಳೆ.

ಕೊನೆಗೆ ಪರಾತದಲ್ಲಿ ಚೂರುಪಾರು ಉಳಿಯುತ್ತದೆ. ಅದನ್ನು ಎಸೆಯಬೇಡಿ. ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಸಂಜೆಯ ಚಹಾದ ಜೊತೆಗೆ ಒಗ್ಗರಣೆ ರೊಟ್ಟಿ ತಯಾರು. ಅದು ಮೆತ್ತಗಿರುತ್ತದೆ, ಆದ್ದರಿಂದ ಮೊದಲು ಯಾರ ತಟ್ಟೆಗೆ ಹೋಗಬೇಕು ಎಂದು ನಿಮಗೆ ಹೇಳಬೇಕಾಗಿಲ್ಲ.